ಕಣ್ಣು ಬಿಟ್ಟಿರುವ ಫೋಟೋ

೧೯೮೯ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ನೆಂಟರಲ್ಲಿ ಕೆಲವರು ಇಂದಿಗೂ 'ಪಾಪ, ಓದಿಸೋಕೆ ಆಗ್ಲಿಲ್ಲ' ಎಂದು ಮರುಗುತ್ತಾರೆ. ಹಾಗೇನಿಲ್ಲ. ಬಾಣಸವಾಡಿಯಲ್ಲಿ ನಮಗೆ ಸ್ವಂತ ಮನೆಯಿತ್ತು, ಹಿತ್ತಲಲ್ಲಿ ಹಸುವಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಗ್ರಿಲ್ ಅಂಗಡಿಯೂ ಇತ್ತು. ಅಲ್ಲಿ ಒಬ್ಬ ಮನುಷ್ಯ ಎರಡು ತುಂಡು ಕಬ್ಬಿಣವನ್ನು ಒಂದು ಮಾಡುವುದನ್ನು ನಾನು ದಿನಾ ನಿಂತು ನೋಡುತ್ತಿದ್ದೆ. ಮೇಷ್ಟ್ರು ಬೋರ್ಡಿನ ಮೇಲೆ ಕೂಡಿಸಿದ್ದು ಯಾವುದೂ ನನಗೆ ಅಷ್ಟು ಗಟ್ಟಿಯಾಗಿ ಕೂಡಿದೆ ಅನ್ನಿಸಿರಲಿಲ್ಲ.

ಕೆಲಸ ಕಲಿತೆ. ಶಿವಾಜಿನಗರದ ಗುಜರಿ ಅಂಗಡಿಗಳಿಂದ ಹಳೆಯ ಕಬ್ಬಿಣವನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದೆ, ಕೈ ಸುಟ್ಟುಕೊಂಡೆ, ಬೈಸಿಕೊಂಡೆ. ಮದುವೆಯಾಗುವ ಹೊತ್ತಿಗೆ ಹಲಸೂರಿನ ಕೆರೆಗೆ ಹತ್ತಿರದ ಗಲ್ಲಿಯಲ್ಲಿ ನನ್ನದೇ ಒಂದು ಶೆಡ್ಡಿತ್ತು. ಆಗ ಇಂದಿರಾನಗರದ ಬಂಗಲೆಯವರು ಗೇಟು ಮಾಡಿಸಲು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಮಾಡಿದ ಗೇಟು ಒಂದು ಬೆರಳಿನಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆದುಕೊಳ್ಳಬೇಕು, ಅಷ್ಟಾದ ಮೇಲೆಯೇ ನಾನು ಅದರ ಮುಂದಿನಿಂದ ಏಳುತ್ತಿದ್ದದ್ದು. ಆಮೇಲೆ ಆ ಬಂಗಲೆಗಳು ಹೋಟೆಲು, ಆಫೀಸು, ಪಬ್ಬು ಆದಾಗ ಅದೇ ಗೇಟುಗಳನ್ನು ಕತ್ತರಿಸಿ ತೆಗೆಯಲೂ ನನ್ನನ್ನೇ ಕರೆದರು. ಹೋಗಿ ಕತ್ತರಿಸಿದೆ. ಬೇರೆ ಯಾರೋ ಒರಟಾಗಿ ಕತ್ತರಿಸುವುದಕ್ಕಿಂತ ಅದೇ ವಾಸಿ.

ಶೆಡ್ಡಿನ ಹಿಂದೆಯೇ ಮನೆ. ಮನೆಯಿಂದ ಬೀದಿಗೆ ಬರಲು ಬೇರೆ ದಾರಿಯಿಲ್ಲ, ಶೆಡ್ಡನ್ನು ದಾಟಿಯೇ ಬರಬೇಕು. ನಲ್ಲಿಯ ನೀರಿಗೆ, ಸೊಪ್ಪಿನವಳನ್ನು ಕೂಗಲಿಕ್ಕೆ, ಹಾಲಿಗೆ, ಎಲ್ಲದಕ್ಕೂ ಅದೇ ದಾರಿ. ನನ್ನ ಹೆಂಡತಿ ಕೆ.ಆರ್. ಪುರದ ಕಡೆಯವಳು. ಅವರದು ತರಕಾರಿ ತೋಟದ ಮನೆತನ, ವೆಲ್ಡಿಂಗ್ ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ನಡುಬಾಗಿಲಲ್ಲಿ ನಿಂತು, ಹೂಬಾಣ ನೋಡುವ ಮಕ್ಕಳ ಹಾಗೆ, ಆ ಬೆಳಕನ್ನೇ ನೋಡಿದ್ದಾಳೆ. ನಾನು ಕಪ್ಪು ಗಾಜಿನ ಶೀಲ್ಡಿನ ಹಿಂದೆ ಮುಖವಿಟ್ಟುಕೊಂಡಿದ್ದೆ, ಗೊತ್ತಾಗಲಿಲ್ಲ. ಸಂಜೆಯಾಗುತ್ತಲೇ ಅವಳ ಕಣ್ಣು ಕೆಂಡವಾಯಿತು. ಕಣ್ಣೊಳಗೆ ಮರಳು ಸುರಿದು ಉಜ್ಜಿದ ಹಾಗಿರುತ್ತದೆ ಆ ನೋವು, ಅನುಭವಿಸಿದವರಿಗೇ ಗೊತ್ತು. ನಮ್ಮ ಕೆಲಸದವರೆಲ್ಲ ಮಾಡುವ ಹಾಗೆ ಆಲೂಗೆಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಅವಳ ರೆಪ್ಪೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ.

"ನೋಡ್ಬೇಡ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತೇನ್ರೀ?" ಎಂದಳು.

"ನೀನು ಬಂದು ನಿಂತಿದ್ದೀಯ ಅಂತ ನಂಗೇನ್ ಗೊತ್ತು?"

"ಕಟ್ಕೊಂಡೋನು ಏನ್ ಕೆಲ್ಸ ಮಾಡ್ತಾನೆ ಅಂತ ನೋಡ್ಬಾರ್ದಾ ಮತ್ತೆ?"

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಾಯಿತು. ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸುವ ಮೊದಲು ನಾನು ಸುತ್ತಿಗೆಯಿಂದ ಕಬ್ಬಿಣದ ಮೇಜಿಗೆ ಎರಡು ಪೆಟ್ಟು ಕೊಡುವುದು, ಟಕ್ ಟಕ್. ಅದು ಕೇಳಿದ ಕೂಡಲೇ ಅವಳು ಎಲ್ಲಿದ್ದರೂ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸುವುದು. ಚರಚರ ಸದ್ದು ನಿಂತು ನಾನು 'ಹ್ಞೂಂ' ಎಂದ ಮೇಲೆಯೇ ಕಣ್ಣು ತೆರೆಯುವುದು. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಶೆಡ್ಡಿನ ನಡುವೆ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ಬೀದಿಯವರು ನೋಡಿ ನಗುತ್ತಿದ್ದರು. ಮುಂದಿನ ವರ್ಷ ಹುಟ್ಟಿದ ಮಗಳು ನಡೆಯುವುದನ್ನು ಕಲಿಯುವ ಮೊದಲೇ ಕಣ್ಣು ಮುಚ್ಚುವುದನ್ನು ಕಲಿತಳು. ಆಮೇಲೆ ಆ ಪೆಟ್ಟೂ ಬೇಕಾಗಲಿಲ್ಲ. ಏನಾದರೂ ಹೊಳೆದರೆ ಸಾಕು, ಹೊಳೆಯುತ್ತದೆ ಎಂಬ ಅನುಮಾನ ಬಂದರೂ ಸಾಕು, ನಮ್ಮ ಮನೆಯವರ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ನಾನು ಕ್ಯಾಮೆರಾ ಕೊಂಡದ್ದು ೨೦೦೬ರಲ್ಲಿ. ಮನೆಯವರ ಫೋಟೋ ತೆಗೆಯಲಿಕ್ಕಲ್ಲ, ಕೆಲಸಕ್ಕಾಗಿ. ಗಿರಾಕಿಗಳಿಗೆ ಕಾಗದದ ಮೇಲೆ ಗೇಟಿನ ಚಿತ್ರ ಬರೆದು ತೋರಿಸುವ ಕಾಲ ಮುಗಿದಿತ್ತು. 'ನೀವು ಮಾಡಿದ್ದು ಏನಾದ್ರೂ ಇದ್ರೆ ತೋರಿಸಿ' ಎನ್ನುತ್ತಿದ್ದರು. ನನ್ನ ಗೇಟುಗಳಿಗೆ ಬಣ್ಣ ಹೊಡೆಯುವ ಗೆಳೆಯನೊಬ್ಬನಿದ್ದಾನೆ. ಅವನದು ತಮಿಳು ಮನೆಮಾತು, ನಮ್ಮ ಗಲ್ಲಿಯಲ್ಲೇ ಹುಟ್ಟಿ ಬೆಳೆದವನು. ಅವನೇ ನನ್ನನ್ನು ಶಿವಾಜಿನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದ. ಸೋಪಿನ ಡಬ್ಬಿಯಷ್ಟು ದೊಡ್ಡದು, ಬೆಳ್ಳಿ ಬಣ್ಣ. ಗುಂಡಿ ಒತ್ತಿದರೆ ಆಮೆಯ ತಲೆಯ ಹಾಗೆ ಲೆನ್ಸು ಹೊರಗೆ ಬರುತ್ತಿತ್ತು.

ಜೊತೆಗೆ ಒಂದು ಪುಸ್ತಕ ಕೊಟ್ಟರು, ಇಂಗ್ಲಿಷಿನಲ್ಲಿತ್ತು. ಅಂಗಡಿಯವನು "ಮನೇಲಿ ಓದಿರೋರು ಯಾರಾದ್ರೂ ಇದ್ರೆ ಕೇಳಿ ಸಾರ್, ಹೇಳ್ಕೊಡ್ತಾರೆ" ಎಂದ. ಆ ಪುಸ್ತಕವನ್ನು ಡಬ್ಬಿಯಲ್ಲೇ ಬಿಟ್ಟೆ. ಪುಸ್ತಕ ನೋಡಿ ಕಲಿಯುವವನಾಗಿದ್ದರೆ ಶಾಲೆಯನ್ನೇ ಮುಗಿಸುತ್ತಿದ್ದೆ.

ಕ್ಯಾಮೆರಾದ ಮೇಲೇ ಚಿತ್ರಗಳಿದ್ದವು, ನನಗೆ ಅಷ್ಟು ಸಾಕಾಗಿತ್ತು. ಹಿಂಬದಿಯ ಗುಂಡಿಯೊಂದರ ಪಕ್ಕದಲ್ಲಿ ಒಂದು ಮಿಂಚಿನ ಗುರುತು, ಅದೇ ಫ್ಲ್ಯಾಶ್. ಅದನ್ನು ಒತ್ತುತ್ತ ಹೋದರೆ ಗುರುತು ಬದಲಾಗುತ್ತದೆ. ಮೊದಲು ಬರಿಯ ಮಿಂಚು, ಆಮೇಲೆ ಮಿಂಚಿನ ಪಕ್ಕ ಒಂದು ಕಣ್ಣು, ಆಮೇಲೆ ಮಿಂಚಿಗೆ ಅಡ್ಡಗೆರೆ. ಮೇಲ್ಗಡೆಯ ತಿರುಗುವ ಚಕ್ರದಲ್ಲಿ ಒಂದು ಹೂವು, ಒಂದು ಬೆಟ್ಟ, ಒಬ್ಬ ಓಡುವವನು, ಚಂದ್ರನ ಕೆಳಗೆ ನಿಂತ ಇನ್ನೊಬ್ಬ. ಒಂದೊಂದನ್ನೂ ಇಟ್ಟು ಒಂದೇ ಗೇಟಿನ ಫೋಟೋ ತೆಗೆದು ನೋಡಿದೆ. ಹೊಸ ಬಣ್ಣದ ಕಬ್ಬಿಣಕ್ಕೆ ಮಿಂಚು ಬಿಟ್ಟರೆ ಅದು ತಿರುಗಿ ನಮ್ಮ ಮುಖಕ್ಕೇ ಹೊಡೆಯುತ್ತದೆ, ಫೋಟೋದಲ್ಲಿ ಗೇಟಿನ ಬದಲು ಒಂದು ಬಿಳಿ ಮಚ್ಚೆ ಕೂತಿರುತ್ತದೆ. ಆದ್ದರಿಂದ ಅಲ್ಲಿ ಅಡ್ಡಗೆರೆ ಇಡಬೇಕು. ಅಡ್ಡಗೆರೆ ಇಟ್ಟರೆ ಇನ್ನೊಂದು ತಾಪತ್ರಯ. ಬೆಳಕು ಸಾಲದೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಅಷ್ಟರಲ್ಲಿ ನಮ್ಮ ಕೈ ನಡುಗಿದರೆ ಎಲ್ಲ ಕಲಸಿಹೋಗುತ್ತದೆ. ಮೊಣಕೈಯನ್ನು ಗೋಡೆಗೆ ಆನಿಸಿ, ಉಸಿರು ಹಿಡಿದು ಒತ್ತಬೇಕು. ಹೂವಿನ ಗುರುತಿಗೆ ಬಂದರೆ ಬೆಸುಗೆಯ ಒಂದೊಂದು ಪದರವೂ ಮೀನಿನ ಹುರುಪೆಯ ಹಾಗೆ ಕಾಣುತ್ತದೆ. ಓಡುವವನನ್ನು ಇಟ್ಟರೆ ಗ್ರೈಂಡರಿನ ಕಿಡಿಯೂ ಗಾಳಿಯಲ್ಲಿ ನಿಂತುಬಿಡುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ.

ಗೇಟಾದ ಮೇಲೆ ಮನೆಯವರ ಕಡೆ ತಿರುಗಿದೆ. ಯುಗಾದಿಯ ದಿನ ಹೆಂಡತಿ ಮಗಳನ್ನು ಬಾಗಿಲ ತೋರಣದ ಕೆಳಗೆ ನಿಲ್ಲಿಸಿ ಮಿಂಚಿಟ್ಟು ತೆಗೆದೆ. ಮಗಳ ಕಣ್ಣು ಅರ್ಧ ಮುಚ್ಚಿತ್ತು, ಹೆಂಡತಿಯದು ಪೂರ್ತಿ. ಇನ್ನೊಂದು ತೆಗೆದೆ, ಅದೂ ಹಾಗೇ. ಬಣ್ಣದ ಗೆಳೆಯ ಒಬ್ಬಟ್ಟು ತಿನ್ನುತ್ತ ಒಂದೊಂದನ್ನೇ ತಿರುಗಿಸಿ ನೋಡಿದ.

"ಏನ್ ಗುರು, ಅಣ್ಣಿ ಎಲ್ಲಾದ್ರಲ್ಲೂ ಧ್ಯಾನಕ್ಕೆ ಕೂತವ್ರೆ," ಎಂದ. ಅವನು ಅವಳನ್ನು ಕರೆಯುತ್ತಿದ್ದದ್ದು ಅಣ್ಣಿ ಎಂದೇ, ತಮಿಳಿನಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ.

"ನಿಮ್ ಗೆಳೆಯನ್ನ ಕಟ್ಕೊಂಡ್ಮೇಲೆ ಧ್ಯಾನ ಬಿಟ್ರೆ ಇನ್ನೇನ್ ಮಾಡ್ಲಿ?" ಎಂದಳು ಅವಳು ಒಳಗಿನಿಂದ.

"ಮಗಾ, ಅಣ್ಣಿ ಮುಚ್ಕೊಳೋದ್ರಲ್ಲಿ ತಪ್ಪಿಲ್ಲ. ಒಂಬತ್ ವರ್ಷದಿಂದ ಅವ್ರ್ ಮುಂದೆ ವೆಲ್ಡಿಂಗ್ ಹೊಡ್ದಿದ್ದೀಯ. ಈಗ ಇದ್ದಕ್ಕಿದ್ದಂಗೆ ಲೈಟ್ ಬಿಟ್ಟು, ಕಣ್ಣು ಬಿಡು ಅಂದ್ರೆ?"

ಅವನು ಹೇಳಿದ ಮೇಲೆ ನನಗೂ ಹೊಳೆಯಿತು. ಆ ಕ್ಯಾಮೆರಾ ಫೋಟೋ ತೆಗೆಯುವ ಮೊದಲು ಪೀಂ ಪೀಂ ಎಂದು ಎರಡು ಸಲ ಕೂಗುತ್ತಿತ್ತು, ಮುಖವನ್ನು ಸರಿಯಾಗಿ ಹಿಡಿದಿದ್ದೇನೆ ಎಂದು ಹೇಳಲಿಕ್ಕೆ. ಎರಡು ಸದ್ದು, ಆಮೇಲೆ ಬೆಳಕು. ನನ್ನ ಸುತ್ತಿಗೆಯ ಕೆಲಸವನ್ನೇ ಅದು ಮಾಡುತ್ತಿತ್ತು.

ಸದ್ದನ್ನು ನಿಲ್ಲಿಸುವುದನ್ನು ಹುಡುಕಿ ನಿಲ್ಲಿಸಿದೆ. ಬೆಳಕಿಗೇ ಕಣ್ಣು ಮುಚ್ಚಿದಳು. ಮಿಂಚಿನ ಪಕ್ಕದ ಕಣ್ಣಿನ ಗುರುತು ಕಣ್ಣಿಗೆ ಒಳ್ಳೆಯದಿರಬೇಕು ಎಂದುಕೊಂಡು ಅದನ್ನಿಟ್ಟೆ. ಅದು ಇನ್ನೂ ಕೆಟ್ಟದ್ದು. ಫೋಟೋದಲ್ಲಿ ಕಣ್ಣಿನ ಪಾಪೆ ಕೆಂಪಾಗಬಾರದು ಎಂದು ಅದು ಮೊದಲು ಸಣ್ಣದಾಗಿ ಹೊಳೆಯುತ್ತದೆ, ಒಂದು ಗಳಿಗೆ ಬಿಟ್ಟು ದೊಡ್ಡದಾಗಿ ಹೊಳೆಯುತ್ತದೆ. ಸಣ್ಣ ಬೆಳಕಿಗೆ ಮುಚ್ಚಿದ ಕಣ್ಣು ದೊಡ್ಡ ಬೆಳಕು ಬರುವಾಗ ಭದ್ರವಾಗಿ ಮುಚ್ಚಿಕೊಂಡಿರುತ್ತಿತ್ತು. ಕೆಲವು ಸಲ ಸಣ್ಣ ಬೆಳಕಿಗೇ ಫೋಟೋ ಆಯಿತೆಂದು ಎದ್ದುಬಿಡುತ್ತಿದ್ದಳು. ಅಂಥವುಗಳಲ್ಲಿ ಅವಳ ಸೀರೆಯ ನೆರಿಗೆ ಮಾತ್ರ ಇದೆ, ಒಲೆಯ ಮೇಲೆ ಇಟ್ಟಿದ್ದನ್ನು ನೋಡಲು ಹೋಗುತ್ತಿರುವ ಬೆನ್ನಿದೆ. ಕೆರೆಯ ದಂಡೆಯಲ್ಲಿ ಒಳ್ಳೆಯ ಬಿಸಿಲಿನಲ್ಲಿ, ಮಿಂಚಿಗೆ ಅಡ್ಡಗೆರೆ ಇಟ್ಟು ತೆಗೆದೆ. ಅಷ್ಟೊತ್ತಿಗೆ ನಾನು ಆ ಡಬ್ಬಿಯನ್ನು ಕೈಗೆತ್ತಿಕೊಂಡರೇ ಅವಳಿಗೆ ಕಣ್ಣು ಮುಚ್ಚುತ್ತಿತ್ತು.

"ನಾನೇನ್ ಬೇಕಂತ ಮಾಡ್ತೀನಾ? ಅದಾಗದೇ ಆಗ್ಬಿಡುತ್ತೆ. ಹೋಗ್ಲಿ ಬಿಡ್ರೀ, ಗೇಟಿನ ಫೋಟೋ ತೆಗೀರಿ. ಅದು ಕಣ್ಣು ಮುಚ್ಚಲ್ಲ," ಎಂದಳು.

ನಕ್ಕು ಬಿಟ್ಟೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಮುಂದಿನ ವರ್ಷ ಅವಳ ಮುಖ ಬೆಳಗಿನ ಹೊತ್ತು ಊದಿಕೊಳ್ಳತೊಡಗಿತು. ನಿದ್ದೆ ಹೆಚ್ಚಾಗಿರಬೇಕು ಎಂದುಕೊಂಡೆವು. ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಆಮೇಲೆ ಕಾಲು ಊದಿತು, ಕಾಲುಂಗುರ ಬಿಗಿಯಾಯಿತು, ಊಟ ಸೇರದಾಯಿತು. ಆಸ್ಪತ್ರೆಯಲ್ಲಿ ಎರಡು ಕಿಡ್ನಿಯೂ ಸೋತಿವೆ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ, ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಯಂತ್ರ ನಡುನಡುವೆ ಪೀಂ ಪೀಂ ಎಂದು ಕೂಗಿಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚುತ್ತಿದ್ದಳು, ಆಮೇಲೆ ನನ್ನ ಕಡೆ ತಿರುಗಿ ಒಂದು ಸಣ್ಣ ನಗೆ ನಗುತ್ತಿದ್ದಳು. ಕಬ್ಬಿಣವಾಗಿದ್ದರೆ ಎಲ್ಲಿ ಬಿಟ್ಟಿದೆ ಎಂದು ಹುಡುಕಿ ಬೆಸೆಯುತ್ತಿದ್ದೆ. ಅಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಅವಳ ಚಪ್ಪಲಿಯನ್ನು ಹಿಡಿದುಕೊಂಡು ಕೂರುತ್ತಿದ್ದೆ.

ಅದೇ ದಿನಗಳಲ್ಲಿ ನಮ್ಮ ಗಲ್ಲಿಯ ಒಬ್ಬ ಅಜ್ಜಿ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಇಬ್ಬರೂ ಹೋಗಿದ್ದೆವು. ಆ ಅಜ್ಜಿಯ ಬೇರೆ ಫೋಟೋ ಇಲ್ಲದೆ, ವೋಟರ್ ಕಾರ್ಡಿನಲ್ಲಿದ್ದದ್ದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಮುಖವೆಲ್ಲ ಚುಕ್ಕೆ ಚುಕ್ಕೆಯಾಗಿತ್ತು. ಯಾರೆಂದೇ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ಅವಳು ಚಾಪೆಯ ಮೇಲೆ ಒರಗಿದಳು.

"ಒಂದ್ ಮಾತು ಹೇಳ್ತೀನಿ, ಬೈಬೇಡಿ," ಎಂದಳು.

"ಹೇಳು."

"ನಂದೊಂದು ಕಣ್ಣು ಬಿಟ್ಟಿರೋ ಫೋಟೋ ತೆಗ್ದಿಡಿ."

"ಈಗ್ಯಾಕೆ ಆ ಮಾತು?"

"ಈಗಲ್ದೆ ಇನ್ಯಾವಾಗ? ಗೋಡೆ ಮೇಲೂ ಮಲಗಿರೋ ಹಂಗೆ ಇರ್ಬಾರ್ದು ನಾನು. ಅವಳು ದಿನಾ ಸ್ಕೂಲಿಗೆ ಹೋಗುವಾಗ ನೋಡ್ತಾಳಲ್ಲ. ಅಮ್ಮ ನೋಡ್ತಾ ಇದ್ದಾಳೆ ಅನ್ನಿಸ್ಬೇಕು."

ನಾನು ಬೈದೆ. ಮದುವೆಯ ಆಲ್ಬಮ್ ಇದೆಯಲ್ಲ ಎಂದೆ. ಅದನ್ನು ತೆಗೆದು ಮುಂದಿಟ್ಟಳು. ಮದುಮಗಳು ಎಲ್ಲದರಲ್ಲೂ ತಲೆ ತಗ್ಗಿಸಿದ್ದಾಳೆ, ಬಾಸಿಂಗದ ಕೆಳಗೆ ಮುಖವೇ ಕಾಣದು. ಕಂಡ ಒಂದೆರಡರಲ್ಲಿ ಇದ್ದವಳು ಹತ್ತೊಂಬತ್ತರ ಒಬ್ಬ ಹುಡುಗಿ. "ಇದು ಅವಳಮ್ಮ ಅಲ್ಲ ಬಿಡಿ. ಇವಳ್ನ ಅವಳು ನೋಡೇ ಇಲ್ಲ," ಎಂದಳು.

ಆಮೇಲೆ ನಾನು ಇನ್ನೆಲ್ಲ ಕೆಲಸಕ್ಕಿಂತ ಅದನ್ನು ಮುಂದಿಟ್ಟುಕೊಂಡೆ. ಸ್ಟುಡಿಯೋಗೆ ಹೋಗೋಣವೇ ಎಂದರೆ ಅವಳಿಗೆ ಆ ಛತ್ರಿಯಂಥ ದೀಪಗಳನ್ನು ನೆನೆದರೇ ಆಗದು. ಬೆಳಗಿನ ಹೊತ್ತು ಮುಖ ಊದಿರುತ್ತದೆ, ಡಯಾಲಿಸಿಸ್ ಆದ ದಿನ ಕೂರುವ ತ್ರಾಣವಿರುವುದಿಲ್ಲ. ಉಳಿದದ್ದು ನಡುವಿನ ದಿನಗಳ ಮಧ್ಯಾಹ್ನ. ನಾಲ್ಕು ಗಂಟೆಯ ಸುಮಾರಿಗೆ ಪಡುವಣ ಬಿಸಿಲು ಶೆಡ್ಡಿನ ಬಾಗಿಲಿನಿಂದ ಒಳಗೆ ಬರುತ್ತದೆ. ಅದು ಅವಳ ಮುಖದ ಮೇಲೆ ನೇರ ಬೀಳದ ಹಾಗೆ ಬಾಗಿಲಿಗೆ ಒಂದು ಬಿಳಿ ಪಂಚೆ ಕಟ್ಟಿದೆ. ಮೆತ್ತನೆಯ ಬೆಳಕಾಯಿತು. ಅಲ್ಲಿ ಮಿಂಚು ಬೇಡ. ಚಂದ್ರನ ಕೆಳಗೆ ನಿಂತವನನ್ನು ಇಟ್ಟು ನೋಡಿದೆ. ಅದು ಹೆಚ್ಚು ಹೊತ್ತು ಕಣ್ಣು ತೆರೆದಿರುವುದೂ ಅಲ್ಲದೆ ಮಿಂಚನ್ನೂ ಬಿಡುತ್ತದೆ, ಅವಳು ಬೆಚ್ಚಿದಳು. ಓಡುವವನನ್ನಿಟ್ಟೆ. ಕತ್ತಲೆ ಹೆಚ್ಚಾಗಿ, ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಬಂತು. ಅಡ್ಡಗೆರೆ ಇಟ್ಟು ಕೈಯಲ್ಲಿ ಹಿಡಿದರೆ, ಮೊಣಕೈ ಆನಿಸಲು ಅಲ್ಲಿ ಗೋಡೆಯಿಲ್ಲದೆ ಮುಖ ಕಲಸಿಹೋಗುತ್ತಿತ್ತು. ಅಲ್ಲದೆ ನಾನು ಡಬ್ಬಿ ಎತ್ತಿದ ಕೂಡಲೇ ಅವಳ ಕಣ್ಣು ಮುಚ್ಚುವುದು ಇದ್ದೇ ಇತ್ತಲ್ಲ.

"ನನ್ ಹಣೇಲಿ ಇಲ್ಲ ಬಿಡಿ," ಎಂದಳು ಒಂದು ದಿನ.

"ಇನ್ನೊಂದ್ ಗುರುತು ಬಾಕಿ ಇದೆ ತಡಿ," ಎಂದೆ.

ಒಂದು ಗಡಿಯಾರದ ಗುರುತಿತ್ತು. ಅದನ್ನು ಇಟ್ಟು ಗುಂಡಿ ಒತ್ತಿದರೆ ಕೂಡಲೇ ತೆಗೆಯುವುದಿಲ್ಲ. ಮುಂದೆ ಒಂದು ಕೆಂಪು ದೀಪ ಮಿನುಗುತ್ತ ನಿಲ್ಲುತ್ತದೆ, ನಾವು ಹೋಗಿ ಕೂತುಕೊಳ್ಳುವಷ್ಟು ಹೊತ್ತು ಕೊಟ್ಟು ಆಮೇಲೆ ತಾನೇ ತೆಗೆಯುತ್ತದೆ. ಕ್ಯಾಮೆರಾವನ್ನು ವೆಲ್ಡಿಂಗ್ ಮೇಜಿನ ಮೇಲೆ, ಎರಡು ಕಬ್ಬಿಣದ ಪಟ್ಟಿಯ ನಡುವೆ ಅಲುಗದ ಹಾಗೆ ನಿಲ್ಲಿಸಿದೆ. ಮಿಂಚಿಗೆ ಅಡ್ಡಗೆರೆ ಇದೆಯೇ ಎಂದು ಎರಡು ಸಲ ನೋಡಿದೆ. ಕೆಂಪು ದೀಪಕ್ಕೆ ಕಪ್ಪು ಟೇಪು ಅಂಟಿಸಿದೆ. ಅವಳು ನಾನೇ ಮಾಡಿದ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಳು. ಹಸಿರು ಸೀರೆ ಉಟ್ಟಿದ್ದಳು, ಸೂಜಿ ಚುಚ್ಚಿದ ಗುರುತು ಕಾಣದ ಹಾಗೆ ಸೆರಗನ್ನು ಎಡಗೈಯ ಮೇಲೆ ಎಳೆದುಕೊಂಡಿದ್ದಳು. ಮಗಳು ಮಲ್ಲಿಗೆ ಮುಡಿಸಿದ್ದಳು. ಗುಂಡಿ ಒತ್ತಿ ಹೋಗಿ ಅವಳ ಪಕ್ಕ ಕೂತೆ.

"ಕೈಯಲ್ಲಿ ಡಬ್ಬಿ ಇಲ್ವಲ್ರೀ?" ಎಂದಳು.

"ಅಲ್ಲಿದೆ. ಅದೇ ತೆಗ್ಯುತ್ತೆ."

"ಯಾರೂ ಒತ್ತದೇನಾ?"

"ಹ್ಞೂಂ."

ಸ್ವಲ್ಪ ಹೊತ್ತು ಮುಂದೆ ನೋಡುತ್ತಿದ್ದಳಂತೆ, ಎದುರಿಗೆ ನಿಂತಿದ್ದ ಮಗಳು ಆಮೇಲೆ ಹೇಳಿದ್ದು. ಆಮೇಲೆ ತಿರುಗಿ, "ಆಯ್ತೇನ್ರೀ?" ಎಂದು ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಆಗಿತ್ತು.

ಸಣ್ಣ ಪರದೆಯಲ್ಲಿ ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಅವಳ ಎರಡು ಕಣ್ಣೂ ತೆರೆದಿದ್ದವು. ಮುಖ ಒಂದಿಷ್ಟು ಪಕ್ಕಕ್ಕೆ ತಿರುಗಿದೆ, ತುಟಿ ಇನ್ನೂ ಆ ಮಾತಿನಲ್ಲೇ ಇದೆ, ಊತ ಕಾಣುವುದಿಲ್ಲ. ಪಕ್ಕದಲ್ಲಿ ನೀಲಿ ಅಂಗಿ ಹಾಕಿಕೊಂಡು, ಎದೆ ಉಬ್ಬಿಸಿ, ಕ್ಯಾಮೆರಾದ ಕಡೆ ನೆಟ್ಟಗೆ ಮುಖ ಮಾಡಿ, ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ನಾನು ಕೂತಿದ್ದೆ. ಬೆಳಕು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣಿಗೆ ಗೊತ್ತಿರಲಿಲ್ಲ.

ಅವಳು ಅಷ್ಟು ನಕ್ಕದ್ದನ್ನು ಕಾಯಿಲೆ ಬಂದ ಮೇಲೆ ನಾನು ನೋಡಿರಲಿಲ್ಲ. ಉಸಿರು ಕಟ್ಟಿ ಕೆಮ್ಮು ಬಂತು. ಮಗಳು ಬೆನ್ನು ನೀವಿದಳು.

"ಈಗ್ಯಾರಪ್ಪ ಧ್ಯಾನಕ್ಕೆ ಕೂತಿರೋದು?" ಎಂದಳು ಹೆಂಡತಿ.

"ಇನ್ನೊಂದು ತೆಗೀತೀನಿ. ನೀನೊಬ್ಳೇ ಕೂತ್ಕೋ."

ಒಬ್ಬಳನ್ನೇ ಕೂರಿಸಿ ತೆಗೆದೆ. ಒಬ್ಬಳೇ ಇದ್ದರೆ ಮೇಜಿನ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದಳು, ನೋಡುತ್ತ ನೋಡುತ್ತ ಕಣ್ಣು ಮುಚ್ಚಿಬಿಡುತ್ತಿದ್ದಳು. ಎರಡು ಹಾಗಾದ ಮೇಲೆ, "ಸಾಕು ಬಿಡಿ, ಬೆನ್ನು ನೋಯುತ್ತೆ. ಅದೇ ಇರ್ಲಿ. ಚೆನ್ನಾಗಿದೆ," ಎಂದು ಎದ್ದಳು. ಬಿಳಿ ಪಂಚೆಯನ್ನು ಬಾಗಿಲಿಗೇ ಬಿಟ್ಟಿದ್ದೆ, ಇನ್ನೊಂದು ಒಳ್ಳೆಯ ಮಧ್ಯಾಹ್ನ ಸಿಗುತ್ತದೆ ಎಂದು. ಸಿಗಲಿಲ್ಲ. ಅದಾದ ಮೇಲೆ ಮುಖದ ಊತ ಸಂಜೆಯಾದರೂ ಇಳಿಯುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು.

ಮನೆಗೆ ತಂದು ಶೆಡ್ಡಿನಲ್ಲಿ ಮಲಗಿಸಿದೆವು, ಒಳಗೆ ಅಷ್ಟು ಜನ ಹಿಡಿಸುತ್ತಿರಲಿಲ್ಲ. ನಮ್ಮ ಗಲ್ಲಿಯಲ್ಲಿ ಎತ್ತುವ ಮೊದಲು ಮನೆಯವರನ್ನೆಲ್ಲ ಸುತ್ತ ಕೂರಿಸಿ ಒಂದು ಫೋಟೋ ತೆಗೆಯುವುದುಂಟು. ಯಾರೋ ಹಿರಿಯರು ಹೇಳಿದರು. ಬಣ್ಣದ ಗೆಳೆಯ ಒಳಗಿನಿಂದ ನನ್ನ ಕ್ಯಾಮೆರಾ ತಂದ. ಅವನಿಗೆ ಅದರ ಗುರುತುಗಳು ತಿಳಿಯವು. ಮಿಂಚು ಹೊಡೆಯಿತು. ನಾನೂ ಮಗಳೂ ಕಣ್ಣು ಮುಚ್ಚಿಕೊಂಡೆವು. ತೆರೆದಾಗ ಅವಳು ಇದ್ದ ಹಾಗೆಯೇ ಇದ್ದಳು, ಮುಖ ತಿರುಗಿಸಿರಲಿಲ್ಲ. ಆಗ ನನಗೆ ಅಳು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ.

ಹನ್ನೊಂದನೇ ದಿನಕ್ಕೆ ಫೋಟೋ ಬೇಕಲ್ಲ. ಕ್ಯಾಮೆರಾದ ಕಾರ್ಡನ್ನು ಲ್ಯಾಬಿಗೆ ಕೊಟ್ಟು ನಾವಿಬ್ಬರೂ ಇದ್ದದ್ದನ್ನು ದೊಡ್ಡದಾಗಿ ಹಾಕಿಸಿ ತಂದೆ. ಹೆಂಡತಿಯ ಅಣ್ಣ ಕೆ.ಆರ್. ಪುರದಿಂದ ಬಂದಿದ್ದರು. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು.

"ಚೆನ್ನಾಗ್ ಬಂದವ್ಳೆ ಭಾವ. ಆದ್ರೆ ಇದಕ್ಕೆ ಹೆಂಗೆ ಹಾರ ಹಾಕೋದು?"

"ಯಾಕೆ?"

"ನೀವಿದ್ದೀರಲ್ಲ ಅದ್ರಲ್ಲಿ. ಬದುಕಿರೋರ್ ಫೋಟೋಗೆ ಹಾರ ಹಾಕ್ತಾರಾ? ಮನೇಲಿ ಮಗು ಇದೆ, ನಿಮ್ಗೆ ಏನಾದ್ರೂ ಆದ್ರೆ ಅದಕ್ಯಾರು ದಿಕ್ಕು? ಅವಳ್ದಷ್ಟೇ ಬಿಡ್ಸಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಶಿವಾಜಿನಗರದ ಫ್ರೇಮಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯ ಮುದುಕ ಫೋಟೋದ ಮೇಲೆ ಸ್ಕೇಲು ಇಟ್ಟು, ಅತ್ತ ಇತ್ತ ಸರಿಸಿದ.

"ನೋಡಿ ಭಾಯ್, ನಿಮ್ದು ತೋಳು ಇಷ್ಟು ಉಳೀತದೆ. ಅದನ್ನೂ ತೆಗಿಯೋಕೆ ಹೋದ್ರೆ ಅವರ್ದು ಭುಜ ಹೋಗ್ತದೆ. ಕಂಪ್ಯೂಟರಲ್ಲಿ ಅಳಿಸ್ಬಿಟ್ಟು ತರ್ತೀರಾ?"

ನಾನು ಭಾವನ ಮುಖ ನೋಡಿದೆ. ಅವರು ಆ ನೀಲಿ ಅಂಗಿಯ ತೋಳಿನ ಮೇಲೆ ಒಂದು ಸಲ ಬೆರಳಾಡಿಸಿದರು. "ಬಟ್ಟೆ ತಾನೇ. ಇರ್ಲಿ ಬಿಡಿ ಭಾವ," ಎಂದರು.

ಮುದುಕ ಒಂದೇ ಎಳೆತಕ್ಕೆ ಕತ್ತರಿಸಿದ. ಕೆಲಸ ಬಲ್ಲ ಕೈ. ಕತ್ತರಿಸಿ ಉಳಿದ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ. "ಬದುಕಿರೋರ್ದು ಇಲ್ಲಿ ಇಟ್ಕೊಳ್ಳಲ್ಲ ನಾನು," ಎಂದ.

ಆ ಫೋಟೋ ಈಗ ನಡುಬಾಗಿಲ ಮೇಲೆ ಇದೆ. ಮಗಳು ಸ್ಕೂಲಿಗೆ ಹೊರಡುವಾಗ ಅದರ ಕೆಳಗೇ ಹಾದುಹೋಗುತ್ತಾಳೆ. ಬಂದವರು ಚೆನ್ನಾಗಿದೆ ಎನ್ನುತ್ತಾರೆ. ಒಂದಿಬ್ಬರು, "ಎಲ್ಲೋ ನೋಡ್ತಿದ್ದಾರಲ್ಲ, ನೇರ ನೋಡೋ ಫೋಟೋ ಇರ್ಲಿಲ್ವಾ?" ಎಂದು ಕೇಳಿದ್ದಾರೆ. ಇರಲಿಲ್ಲ ಎನ್ನುತ್ತೇನೆ. ಫ್ರೇಮಿನ ಅಂಚಿನ ಆಚೆ ಗೋಡೆಯಿದೆ, ಕ್ಯಾಲೆಂಡರಿದೆ. ಹೊಸಬರ ಕಣ್ಣಿಗೆ ಅವಳು ಆ ಕ್ಯಾಲೆಂಡರನ್ನೇ ನೋಡುತ್ತಿರುವ ಹಾಗೆ ಕಾಣಬಹುದು. ನೀಲಿ ತೋಳು ಯಾರದೆಂದು ಇದುವರೆಗೆ ಯಾರೂ ಕೇಳಿಲ್ಲ.

ಮೊನ್ನೆ ಮಗಳು ಕ್ಯಾಮೆರಾವನ್ನು ಹಿಡಿದುಕೊಂಡು ಹಳೆಯದನ್ನೆಲ್ಲ ತಿರುಗಿಸಿ ನೋಡುತ್ತಿದ್ದಳು. ಆ ಫೋಟೋ ಬಂದಾಗ ಅವಳ ಬೆರಳು ನಿಂತಿತು. ಪೂರ್ತಿಯದು, ನಾವಿಬ್ಬರೂ ಇರುವುದು. ಪಕ್ಕದಲ್ಲಿ ಕೂತು ಹೇಳಿದೆ, ಇನ್ನು ಎಷ್ಟು ವರ್ಷಕ್ಕೋ, ನನ್ನ ಸರದಿ ಬಂದಾಗ ಆ ಗೋಡೆಯದನ್ನು ತೆಗೆದು ಇದನ್ನು ಹಾಕು, ಆಗ ಕತ್ತರಿಸುವ ಕೆಲಸವಿರುವುದಿಲ್ಲ, ಒಂದೇ ಹಾರ ಸಾಕು ಎಂದು.

ಅವಳು ಪರದೆಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ, "ಅಪ್ಪಾ, ಇದ್ರಲ್ಲಿ ನೀನು ಕಣ್ಣು ಮುಚ್ಕೊಂಡಿದ್ದೀಯ," ಎಂದಳು.

"ಇರ್ಲಿ ಬಿಡು. ನಿಮ್ಮಮ್ಮ ಬಿಟ್ಟಿದ್ದಾಳಲ್ಲ."

ಈಗ ಹೊರಗೆ ಮೆಟ್ರೋಗೆಂದು ರಸ್ತೆ ಅಗೆದಿದ್ದಾರೆ, ಧೂಳು ಒಳಗೆ ಬರುತ್ತದೆ. ಕೆಲಸವೇನೂ ಕಡಿಮೆಯಾಗಿಲ್ಲ. ಮಗಳು ಸ್ಕೂಲಿಗೆ ಹೋದ ಮೇಲೆ ಹಿಂದಿನ ಮನೆಯಲ್ಲಿ ಯಾರೂ ಇರುವುದಿಲ್ಲ, ಆದರೂ ರಾಡು ತಾಗಿಸುವ ಮೊದಲು ಮೇಜಿಗೆ ಎರಡು ಪೆಟ್ಟು ಕೊಡುತ್ತೇನೆ.

ನನ್ನ ಹತ್ತಿರ ಈಗ ಇರುವುದು ಇಷ್ಟು. ಒಂದು ಶೆಡ್ಡು, ಅದರ ಹಿಂದೆ ಒಂದು ಮನೆ. ಎರಡು ವೆಲ್ಡಿಂಗ್ ಮಿಷನ್ನು, ಒಂದು ಗ್ರೈಂಡರು, ಮೂರು ಶೀಲ್ಡು. ಆರನೇ ತರಗತಿಯಲ್ಲಿ ಓದುವ ಒಬ್ಬಳು ಮಗಳು. ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿರುವ ಒಂದು ಕ್ಯಾಮೆರಾ. ಮೇಜಿನ ಡ್ರಾಯರಿನಲ್ಲಿ, ಪೇಪರಿನಲ್ಲಿ ಸುತ್ತಿದ ಹಾಗೆಯೇ ಇರುವ, ನನ್ನದೇ ಫೋಟೋದ ಒಂದು ಪಟ್ಟಿ. ಕಾರ್ಡಿನಲ್ಲಿ ಗೇಟು ಮತ್ತು ಗ್ರಿಲ್ಲಿನ ಫೋಟೋಗಳು ಇನ್ನೂರರ ಮೇಲಿವೆ. ಅವಳವು ನಲವತ್ತಮೂರು. ಅವುಗಳಲ್ಲಿ ಕಣ್ಣು ಬಿಟ್ಟಿರುವುದು ಒಂದು.